ಲೈನು ಸಿಕ್ಕರೂ ಮಾತು ಕೂಡದ ಮೂರು ದಿನ

ಆಗ ನಾನು ಹೊಸಪೇಟೆಯ ಒಂದು ಅದಿರು ಸಾಗಣೆ ಕಂಪನಿಯಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದೆ. ವಿಭಾಗ ಎಂದರೆ ನಾನೊಬ್ಬಳೇ. ಸಂಡೂರಿನ ಬೆಟ್ಟದಲ್ಲಿ ನಮ್ಮ ತೂಕದ ಕಚೇರಿ ಇತ್ತು. ಅಲ್ಲಿ ತೂಗಿದ ಲಾರಿಯ ವಿವರ ನಮಗೆ ಬಂದು, ಇಲ್ಲಿಂದ ಪರವಾನಗಿ ಹೋದ ಮೇಲೆಯೇ ಲಾರಿ ಹೊರಡಬೇಕು. ಎರಡೂ ಕಚೇರಿಗಳ ನಡುವೆ ಒಂದು ಖಾಯಂ ಲೈನು ಇತ್ತು. ಅದು ಕೆಟ್ಟರೆ ಮೋಡೆಮ್ಮು ಟೆಲಿಫೋನಿನ ಮೇಲೆ ತಾನೇ ನಂಬರು ಹಚ್ಚಿ ಸಂಪರ್ಕ ಹಿಡಿಯುತ್ತಿತ್ತು.

ಒಂದು ಸೋಮವಾರ ಗಾದಿಗನೂರಿನ ಹತ್ತಿರ ರಸ್ತೆ ಅಗೆಯುವಾಗ ಖಾಯಂ ಲೈನಿನ ಕೇಬಲ್ ತುಂಡಾಯಿತು. ಮೋಡೆಮ್ಮು ಸಂಡೂರಿಗೆ ನಂಬರು ಹಚ್ಚಿತು, ಲೈನೂ ಸಿಕ್ಕಿತು. ಆದರೆ ಒಂದೇ ಒಂದು ವಿವರ ಬರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಲೈನು ಕಡಿದುಹೋಗುತ್ತಿತ್ತು. ಮತ್ತೆ ಹಚ್ಚಿದರೆ ಮತ್ತೆ ಅದೇ ಕತೆ. ಮಧ್ಯಾಹ್ನದ ಹೊತ್ತಿಗೆ ಬೆಟ್ಟದ ಇಳಿಜಾರಿನಲ್ಲಿ ಲಾರಿಗಳು ಸಾಲುಗಟ್ಟಿದವು.

ಎರಡೂ ಕಡೆ ರೂಟರ್ ಎಂಬ ಪೆಟ್ಟಿಗೆ ಇತ್ತು. ಯಾವ ಕಚೇರಿಗೆ ಯಾವ ದಾರಿ ಎಂದು ಅವು ಒಂದಕ್ಕೊಂದು ಹೇಳಿಕೊಳ್ಳಬೇಕು. ಅದಕ್ಕೆ ಮೊದಲು ಪರಸ್ಪರ ನೆರೆಯವರೆಂದು ಒಪ್ಪಿಕೊಳ್ಳಬೇಕು. ನಮ್ಮವು ಒಪ್ಪಿಕೊಳ್ಳುತ್ತಿರಲಿಲ್ಲ. ನಾನು ಇಲ್ಲಿಂದ ಪರೀಕ್ಷೆಗೆ ಕಳಿಸಿದ ಸಂದೇಶಕ್ಕೆ ಅಲ್ಲಿನ ರೂಟರ್ ಸರಿಯಾಗಿಯೇ ಉತ್ತರ ಕೊಡುತ್ತಿತ್ತು. ಹಾಗಾಗಿ ನಮ್ಮ ಕಡೆ ಎಲ್ಲ ಸರಿ ಇದೆ ಎಂದು ನಾನು ತೀರ್ಮಾನಿಸಿಬಿಟ್ಟೆ.

ಮ್ಯಾನೇಜರು ಬಂದು ನನ್ನ ಮೇಜಿನ ಮುಂದೆ ನಿಂತರು. "ಏನ್ರಿ, ಯಾಕ ಕಡೀತದ ಅದು?"

"ಆ ಕಡೆ ಯಾರರ ವೈರು ಕಿತ್ತು ಹಾಕ್ತಿರಬೇಕು ಸರ್," ಅಂದೆ. ಯೋಚಿಸದೆ ಆಡಿದ ಮಾತು.

ಆ ಕಡೆ ಮೋಡೆಮ್ಮು ಇದ್ದದ್ದು ಸ್ಟೋರಿನ ಕೋಣೆಯಲ್ಲಿ. ಅಲ್ಲಿ ಕೂರುತ್ತಿದ್ದವರು ಐವತ್ತು ದಾಟಿದ ಸ್ಟೋರ್‌ಕೀಪರು ಒಬ್ಬರೇ. ಮಂಗಳವಾರ ಅವರ ಕೈಗೆ ನೋಟಿಸು ಹೋಯಿತು: ಯಂತ್ರ ಮುಟ್ಟಿದ್ದಕ್ಕೆ ಎರಡು ದಿನದೊಳಗೆ ಉತ್ತರ ಕೊಡಬೇಕು. ಅವತ್ತೇ ನಾನು ಬೇರೆ ಮೋಡೆಮ್ಮು, ಬೇರೆ ಕೇಬಲ್ಲು ಚೀಲಕ್ಕೆ ತುಂಬಿಕೊಂಡು ಬಸ್ಸು ಹತ್ತಿ ಬೆಟ್ಟಕ್ಕೆ ಹೋದೆ. ಎರಡನ್ನೂ ಬದಲಿಸಿದೆ. ಏನೂ ಆಗಲಿಲ್ಲ.

ಸ್ಟೋರ್‌ಕೀಪರು ಗೋಡೆಗೆ ಒರಗಿ ನನ್ನನ್ನೇ ನೋಡುತ್ತಿದ್ದರು. "ನಾ ಅದನ್ನ ಮುಟ್ಟೇ ಇಲ್ರಿ ಮೇಡಂ. ಮುಂಜಾನೆ ಧೂಳ ಒರೆಸ್ತೀನಿ, ಅಷ್ಟ. ಕೆಂಪು ಧೂಳ ನೋಡ್ರಿ, ಒರೆಸದಿದ್ರ ಲೈಟು ಸೈತ ಕಾಣಂಗಿಲ್ಲ."

"ನೋಡೋಣ್ರಿ ಅಣ್ಣಾರ," ಎಂದಷ್ಟೇ ಹೇಳಿ ಕೊನೆಯ ಬಸ್ಸಿಗೆ ಓಡಿದೆ. ನೋಟಿಸಿಗೆ ನನ್ನ ಮಾತೇ ಕಾರಣ ಎಂದು ಅವರಿಗೆ ಗೊತ್ತಿತ್ತೋ ಇಲ್ಲವೋ, ಕೇಳುವ ಧೈರ್ಯ ನನಗಿರಲಿಲ್ಲ.

ಬುಧವಾರ ಬೆಳಿಗ್ಗೆ ಅವರಿಗೇ ಫೋನು ಮಾಡಿದೆ. ಭದ್ರತೆಗೆಂದು ಅಲ್ಲಿನ ರೂಟರಿಗೆ ದೂರದಿಂದ ಪ್ರವೇಶ ಇಟ್ಟಿರಲಿಲ್ಲ. ಅದರ ಒಳಗಿನ ಸ್ಥಿತಿ ನೋಡಬೇಕಾದರೆ ಅಲ್ಲಿನ ಕಂಪ್ಯೂಟರಿನ ಮುಂದೆ ಯಾರಾದರೂ ಕೂರಲೇಬೇಕು. ನಾನು ಒಂದೊಂದೇ ಅಕ್ಷರ ಹೇಳಿದೆ, ಅವರು ಒಂದೊಂದೇ ಹುಡುಕಿ ಒತ್ತಿದರು. ಒಂದು ಸಾಲು ಬರೆಯಲು ಕಾಲು ಗಂಟೆ ಹಿಡಿಯಿತು. ಪರದೆಯ ಮೇಲೆ ಬಂದದ್ದನ್ನೆಲ್ಲ ಬಿಡದೆ ಓದಿರಿ ಎಂದೆ. ಹತ್ತನೇ ತರಗತಿಯ ಇಂಗ್ಲಿಷಿನಲ್ಲಿ ಅವರು ನಿಧಾನವಾಗಿ ಓದಿದರು.

"ಹಲೋ ಅಂತ ಐತ್ರಿ. ಅದರ ಮುಂದ ಹತ್ತು."

"ಎಷ್ಟ್ರಿ?"

"ಹತ್ತು, ಮೇಡಂ. ಒಂದು, ಸೊನ್ನಿ."

ನನ್ನ ಪರದೆಯ ಮೇಲೆ ಮೂವತ್ತು ಅಂತಿತ್ತು.

ರೂಟರುಗಳು ಇಂತಿಷ್ಟು ಸೆಕೆಂಡಿಗೊಮ್ಮೆ ಹಲೋ ಎಂಬ ಸಣ್ಣ ಸಂದೇಶ ಕಳಿಸುತ್ತವೆ. ಆ ಅಂತರ ಎರಡೂ ಕಡೆ ಒಂದೇ ಇರಬೇಕು. ಬೇರೆಯಾದರೆ ಹಲೋ ಬಂದರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಟೆಲಿಫೋನಿನ ನಿಧಾನದ ಲೈನಿಗೆ ಹೊರೆ ಕಡಿಮೆಯಾಗಲಿ ಎಂದು ತಿಂಗಳ ಹಿಂದೆ ನಾನೇ ಇಲ್ಲಿ ಹತ್ತನ್ನು ಮೂವತ್ತು ಮಾಡಿದ್ದೆ. ಮಾರನೆಯ ದಿನ ಸಂಡೂರಿಗೆ ಹೋಗಿ ಅಲ್ಲೂ ಬದಲಿಸುವುದು ಎಂದುಕೊಂಡಿದ್ದೆ. ಅಷ್ಟರಲ್ಲಿ ಮರಿಯಮ್ಮನಹಳ್ಳಿಯಲ್ಲಿ ಚಿಕ್ಕಮ್ಮನ ಮಗಳ ಮದುವೆ ಬಂತು, ನಾಲ್ಕು ದಿನ ರಜೆ ಹಾಕಿದೆ, ಮರೆತೆ. ಖಾಯಂ ಲೈನು ಚೆನ್ನಾಗಿದ್ದುದರಿಂದ ಯಾರಿಗೂ ತಿಳಿಯಲಿಲ್ಲ. ಇನ್ನು ಲೈನು ಕಡಿಯುತ್ತಿದ್ದದ್ದು, ಸಾಗಿಸಲು ಏನೂ ಇಲ್ಲದಾಗ ಮೋಡೆಮ್ಮು ತಾನಾಗಿ ಫೋನು ಇಡುವಂತೆ ಇಟ್ಟಿದ್ದರಿಂದ. ಅದೂ ನಾನೇ ಇಟ್ಟಿದ್ದು.

ಮೂವತ್ತನ್ನು ಅಳಿಸಿ ಹತ್ತು ಎಂದು ಬರೆದೆ. ಒಂದು ನಿಮಿಷವೂ ಆಗಿರಲಿಕ್ಕಿಲ್ಲ.

"ಮೇಡಂ, ಇಲ್ಲಿ ಏನೋ ಹೊಸಾದು ಬಂತ್ರಿ. ಫುಲ್ ಅಂತ ಐತಿ."

ನೆರೆಯವರೆಂದು ಒಪ್ಪಿಕೊಂಡವು ಎಂದು ಅದರ ಅರ್ಥ. ಲಾರಿಗಳ ವಿವರ ಒಂದರ ಹಿಂದೆ ಒಂದು ಬಂದು ಬೀಳತೊಡಗಿತು. ಪಕ್ಕದ ಕೋಣೆಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ನಾನು ಫೋನು ಹಿಡಿದುಕೊಂಡೇ ಕುಳಿತಿದ್ದೆ.

"ಅಣ್ಣಾರ, ತಪ್ಪು ನಂದ ಐತ್ರಿ. ನಿಮ್ಮ ಕಡೆ ಏನೂ ಆಗಿದ್ದಿಲ್ಲ. ವೈರು ಕಿತ್ತಾರ ಅಂತ ಸಾಹೇಬ್ರಿಗೆ ಹೇಳಿದಾಕಿನೂ ನಾನ."

"ಆತು ಬಿಡ್ರಿ," ಎಂದು ಫೋನು ಇಟ್ಟುಬಿಟ್ಟರು.

ಮ್ಯಾನೇಜರ ಕೋಣೆಗೆ ಹೋಗಿ ಅದನ್ನೇ ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಮೂರು ದಿನ ಲಾರಿ ನಿಂತಾವ. ಗೊತ್ತೈತಿ ಇಲ್ಲ ನಿಮಗ?" ಬೈದರು, ಭಾಳ ಬೈದರು. ನಿಂತು ಕೇಳಿಸಿಕೊಂಡೆ. ಎಲ್ಲ ಮುಗಿದ ಮೇಲೆ, "ಸರ್, ಆ ನೋಟಿಸು ವಾಪಸ್ ತಗೋಬೇಕ್ರಿ," ಎಂದೆ. ಅವರು ಫೈಲಿನಲ್ಲಿದ್ದ ಪ್ರತಿಯನ್ನು ಹುಡುಕಿ, ಹರಿದು, ಅದೇ ಸಂಜೆ ವಾಪಸಾತಿ ಪತ್ರಕ್ಕೆ ಸಹಿ ಹಾಕಿದರು. ನನಗೊಂದು ಎಚ್ಚರಿಕೆಯ ಪತ್ರವೂ ಸಿಕ್ಕಿತು.

ವಾಪಸಾತಿ ಪತ್ರವನ್ನು ಅಂಚೆಗೆ ಕೊಡದೆ ಮರುದಿನ ನಾನೇ ಬೆಟ್ಟಕ್ಕೆ ಒಯ್ದೆ. ಸ್ಟೋರ್‌ಕೀಪರು ಅದನ್ನು ಎರಡು ಸಲ ಓದಿ, ನಾಲ್ಕಾಗಿ ಮಡಚಿ ಅಂಗಿಯ ಜೇಬಿಗಿಟ್ಟರು.

"ಮನ್ಯಾಗ ನೋಟಿಸಿನ ಸುದ್ದಿ ಹೇಳಿದ್ದಿಲ್ರಿ," ಅಂದರು. "ಎರಡು ದಿನ ಅನ್ನ ಸೇರಿಲ್ಲ ನೋಡ್ರಿ ನನಗ."

ಅವರೇ ಒಂದು ಕುರ್ಚಿ ಎಳೆದು ಕಂಪ್ಯೂಟರಿನ ಮುಂದೆ ಹಾಕಿದರು. "ಕುಂದ್ರಿ ಮೇಡಂ. ನಿನ್ನಿ ಒಂದೊಂದ ಅಕ್ಷರ ಹೊಡಿಸಿದ್ರಲ್ಲ, ಅದನ್ನ ಪೂರಾ ಬರೆದು ಕೊಡ್ರಿ. ಇನ್ನ ಮ್ಯಾಲೆ ನಾನ ನೋಡ್ತೀನಿ."

ಸ್ಟೋರಿನ ಹಳೆಯ ರಸೀದಿಯ ಹಿಂದೆ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆ. ಅವರು ಅದನ್ನು ಮೋಡೆಮ್ಮಿನ ಮೇಲಿನ ಗೋಡೆಗೆ ಅಂಟಿಸಿದರು.