ಕೈ ಮುಗಿದು ನಿಂತ ಮನೆತನ

ಮಗಳನ್ನು ನೋಡಲು ಜಮಖಂಡಿಯಿಂದ ಗಂಡಿನವರು ಬರುವ ದಿನವೇ ಬನಹಟ್ಟಿಯ ನಮ್ಮ ಅಂಗಳದ ಬಾವಿಯ ಪಂಪು ಗುಂಯ್‌ಗುಟ್ಟಿತೇ ಹೊರತು ನೀರೆತ್ತಲಿಲ್ಲ. ಮನೆಯಲ್ಲಿ ಉಳಿದದ್ದು ಒಂದು ಕೊಡ ನೀರು. ಚಹಾಕ್ಕೆ ಸಾಲುತ್ತಿತ್ತು, ಬಂದವರ ಕಾಲಿಗೆ ಸಾಲುತ್ತಿರಲಿಲ್ಲ.

ಮಗ್ಗದ ಮೋಟರ್ ರಿಪೇರಿ ಮಾಡುವ ಸಿದ್ದಪ್ಪ ಬಂದು ಪಂಪಿನ ಸ್ವಿಚ್ಚಿನ ಡಬ್ಬಿ ಬಿಚ್ಚಿದ. "ಮೋಟರ್ ಎಬ್ಸೋ ಕಂಡೆನ್ಸರ್ ಹೋಗೇತ್ರಿ," ಎಂದು ಹೊಸದನ್ನು ಜೋಡಿಸತೊಡಗಿದ. ಅಷ್ಟರಲ್ಲಿ ಗಂಡಿನವರು ಬಸ್ಸಿಳಿದರೆಂದು ಫೋನ್ ಬಂತು. ಗಾಬರಿಯಲ್ಲಿ ನಾನು ಬೆರಳು ಚಾಚಿ, "ಆ ವಾಯರ್ ಸಡಿಲ ಐತೇನೋ?" ಎಂದೆ.

"ಅದಲ್ಲ ತಮ್ಮಾ, ಈ ಕೆಂಪಂದು," ಎಂದು ಹೆಂಡತಿಯೂ ಬೆರಳು ಚಾಚಿದಳು.

ಸಿದ್ದಪ್ಪ ಕೆಲಸ ನಿಲ್ಲಿಸಿದ. "ಸಾಹೇಬ್ರ, ಅಕ್ಕಾರ, ಇಬ್ಬರೂ ಕೈ ಮುಗದು ನಿಂದರ್ರಿ."

"ಯಾವ ದೇವರಿಗಪ್ಪಾ?"

"ಯಾರಿಗರ ಮುಗೀರ್ರಿ. ಕರೆಂಟ್ ಬಿಡಾಕತ್ತೇನಿ, ನಿಮ್ಮ ನಾಕೂ ಕೈ ನನಗ ಕಾಣಬೇಕು. ನೀರು ಬರೂತನಕ ಬಿಡಬ್ಯಾಡ್ರಿ."

ಮುಗಿದೆವು. ಅವನು ಬಟನ್ ಒತ್ತಿದ. ಪಂಪು ಮತ್ತೆ ಗುಂಯ್ ಎಂದಿತು. ಆಮೇಲೆ ನಲ್ಲಿ ಎರಡು ಸಲ ಕೆಮ್ಮಿ ನೀರು ಉಗುಳಿತು. ತಿರುಗಿ ನೋಡಿದರೆ ಗಂಡಿನವರು ಅಂಗಳದಲ್ಲೇ ನಿಂತಿದ್ದರು. ನಮ್ಮ ಕೈಗಳು ಇನ್ನೂ ಮುಗಿದೇ ಇದ್ದವು.

ಇಷ್ಟು ವಿನಯದ ಮನೆತನವನ್ನು ಎಲ್ಲೂ ಕಂಡಿಲ್ಲವೆಂದು ಬೀಗರು ಈಗಲೂ ಹೇಳುತ್ತಾರೆ. ನಾವು ಆಗಲೂ ಕೈ ಮುಗಿಯುತ್ತೇವೆ.