ಮೋಟರು ಮನೆಯ ಕರೆಂಟಿನಲ್ಲಿ ಹುರಿದ ಆಲೂಗಡ್ಡೆ

ಆಲೂಗಡ್ಡೆಯನ್ನು ಎಣ್ಣೆಯಲ್ಲಿ ಮುಳುಗಿಸದೆಯೇ ಗರಿಗರಿಯಾಗಿ ಮಾಡಬಹುದು ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಕೆಜಿಎಫ್‌ನ ಗಣಿ ಕಾಲೊನಿ ಕೋರಮಂಡಲ್‌ನ ಕ್ವಾರ್ಟರ್ಸ್ ಒಂದರಲ್ಲಿ ಅದನ್ನು ಕಣ್ಣಾರೆ ನೋಡಿದೆ.

ತೊಂಬತ್ತರ ದಶಕದ ಮೊದಲ ವರ್ಷಗಳವು. ನಮ್ಮ ಊರು ಬಂಗಾರಪೇಟೆಗೂ ಕೆಜಿಎಫ್‌ಗೂ ನಡುವೆ. ಮನೆಯಲ್ಲಿ ಮೂರು ಹಸು ಇದ್ದವು. ಪಿಯುಸಿಗೆ ಓದು ನಿಲ್ಲಿಸಿದ್ದ ನಾನು ಬೆಳಿಗ್ಗೆ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಕೋರಮಂಡಲ್‌ಗೆ ಹಾಲು ಹಾಕಲು ಹೋಗುತ್ತಿದ್ದೆ. ಅಲ್ಲಿ ಒಂದು ಮನೆಯಲ್ಲಿ ಒಬ್ಬ ತಮಿಳು ಅಜ್ಜಿ ಒಂಟಿಯಾಗಿದ್ದರು. ಅವರ ಗಂಡ ಗಣಿಯಲ್ಲಿ ಕೆಲಸ ಮಾಡಿ ತೀರಿಕೊಂಡಿದ್ದರಂತೆ. ಒಂದು ದಿನ ಹಾಲು ಅಳೆಯುತ್ತಿದ್ದಾಗ ಒಳಗಿನಿಂದ ಒಂದು ವಾಸನೆ ಬಂತು. ಕರಿದದ್ದಲ್ಲ, ಸುಟ್ಟದ್ದೂ ಅಲ್ಲ. ನಾನು ಮೂಗರಳಿಸಿದ್ದು ಅವರಿಗೆ ಕಾಣಿಸಿತೇನೋ.

"ಬಾ ತಂಬಿ, ಒಳಗೆ ಬಂದು ನೋಡು" ಎಂದರು.

ಮೇಜಿನ ಮೇಲೆ ಗುಂಡನೆಯ ಅಲ್ಯೂಮಿನಿಯಂ ಓವನ್ ಇತ್ತು. ಮುಚ್ಚಳದ ನಡುವೆ ಗಾಜಿನ ಕಿಟಕಿ. ಅದರೊಳಗೆ ತಟ್ಟೆ ತುಂಬ ಆಲೂಗಡ್ಡೆ ಹೋಳುಗಳು, ಅಂಚೆಲ್ಲ ಕಂದು.

"ಎಣ್ಣೆ ಎಲ್ಲಿದೆ ಹೇಳು ನೋಡೋಣ. ಎರಡು ಸ್ಪೂನು, ಅವ್ಳೋದಾನ್, ಅಷ್ಟೇ."

ಒಂದು ಹೋಳು ಕೊಟ್ಟರು. ಕಚ್ಚಿದರೆ ಹೊರಗೆ ಹಪ್ಪಳದ ಹಾಗೆ ಮುರಿಯಿತು, ಒಳಗೆ ಬೆಣ್ಣೆಯ ಹಾಗೆ ಕರಗಿತು. ನಮ್ಮ ಮನೆಯ ಮೂಲೆಯಲ್ಲಿ ಮೂಟೆಗಟ್ಟಲೆ ಆಲೂಗಡ್ಡೆ ಬಿದ್ದಿರುತ್ತಿತ್ತು. ಪಲ್ಯ ಮತ್ತು ಸಾರು ಬಿಟ್ಟರೆ ಅದಕ್ಕೆ ಬೇರೆ ಗತಿ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ. ಅವತ್ತು ಉಳಿದ ಮನೆಗಳಿಗೆಲ್ಲ ಹಾಲು ತಡವಾಯಿತು.

ಆಮೇಲೆ ದಿನವೂ ಒಂದೊಂದು ಪ್ರಶ್ನೆ ಕೇಳುತ್ತಿದ್ದೆ. ಎಷ್ಟು ದಪ್ಪ ಹೆಚ್ಚಬೇಕು, ಮೊದಲೇ ಬೇಯಿಸಬೇಕೇ, ಖಾರದ ಪುಡಿ ಯಾವಾಗ ಹಾಕಬೇಕು. ಅಜ್ಜಿಗೆ ಬೇಸರವಾಗುತ್ತಿರಲಿಲ್ಲ. "ಅರ್ಧ ಬೇಯಿಸು, ನೀರು ಬಸಿದು ಆರಿಸು. ಆಮೇಲೆ ಪಾತ್ರೆಗೆ ಮುಚ್ಚಳ ಹಾಕಿ ಕುಲುಕು. ಅಂಚು ಒರಟಾಗ್ಬೇಕು ತಂಬಿ, ಒರಟಾದ್ರೇನೆ ಮೊರುಮೊರು ಅಂತ ಬರೋದು" ಎಂದು ಹೇಳಿಕೊಟ್ಟರು. ಮುಂದಿನ ತಿಂಗಳು ಮದ್ರಾಸಿನ ಮಗಳ ಮನೆಗೆ ಹೊರಟರು. ಹೊರಡುವ ಮುಂಚೆ ಓವನ್ನನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ನನ್ನ ಸೈಕಲ್ಲಿನ ಕ್ಯಾರಿಯರ್ ಮೇಲಿಟ್ಟರು. ಅಲ್ಲಿ ಬೇರೆ ಇದೆ, ನೀನು ಇಟ್ಟುಕೋ ಎಂದರು.

ಮನೆಗೆ ತಂದು ಬಿಚ್ಚಿದರೆ ಅಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿದರು.

"ಏನ್ಲಾ ಇದು? ಆಲಿನ ಕ್ಯಾನಿಗೆ ಕನ್ನಡ್ಕ ಆಕವ್ರಾ?"

"ಓವನ್ ಕಣಮ್ಮ. ಇದ್ರಲ್ಲಿ ಆಲೂಗಡ್ಡೆ ಹುರೀತೀನಿ ನೋಡು."

"ಹುರಿಯಪ್ಪ, ಹುರಿ. ಒಲೆ ಮುಂದೆ ಕೂರೋ ಗಂಡು ಬೇಕು ಅಂತ ಯಾರಾನಾ ಎಣ್ಣು ಕೊಡಾಕ್ ಬಂದ್ರೆ ನಾನೇ ಯೋಳಿ ಕಳಿಸ್ತೀನಿ."

ಕೋರಮಂಡಲ್‌ನಲ್ಲಿ ಬಲ್ಬು ಒಂದು ಸಲವೂ ಮಿಣುಕಿದ್ದನ್ನು ನಾನು ನೋಡಿರಲಿಲ್ಲ. ನಮ್ಮ ಊರಿನಲ್ಲಿ ಕರೆಂಟು ಎಷ್ಟು ಮಂದವೆಂದರೆ ಬಲ್ಬಿನೊಳಗಿನ ತಂತಿ ಎಷ್ಟು ಸುತ್ತಿದೆ ಎಂದು ಕಣ್ಣಲ್ಲೇ ಎಣಿಸಬಹುದಿತ್ತು. ಓವನ್ನಿನ ಕಾಯಿಲು ಕೆಂಪಾಗುವ ಬದಲು ಕಂದಾಗಿ ನಿಂತುಬಿಡುತ್ತಿತ್ತು. ಒಂದು ಗಂಟೆ ಕಾದು ಮುಚ್ಚಳ ತೆಗೆದರೆ ಹೋಳುಗಳು ಜ್ವರ ಬಂದ ಮಕ್ಕಳ ಹಾಗೆ ಬೆವೆತು ಕೂತಿರುತ್ತಿದ್ದವು. ತಪ್ಪು ನನ್ನದೇ ಎಂದುಕೊಂಡು ಒಂದೊಂದನ್ನೇ ತಿದ್ದುತ್ತ ಹೋದೆ. ತಟ್ಟೆಯಲ್ಲಿ ಕಿಕ್ಕಿರಿಸಿದರೆ ಒಂದರ ಆವಿಗೆ ಇನ್ನೊಂದು ಮೆತ್ತಗಾಗುತ್ತದೆ, ಅದಕ್ಕೆ ದೂರದೂರ ಇಟ್ಟೆ. ಬಸಿದ ಹೋಳನ್ನು ಮೊರದಲ್ಲಿ ಬಟ್ಟೆಯ ಮೇಲೆ ಹರಡಿ ಗಾಳಿಗೆ ಆರಿಸಿದೆ. ಒಂದು ಚಮಚ ಅಕ್ಕಿ ಹಿಟ್ಟು ಉದುರಿಸಿ ಕುಲುಕಿದರೆ ಹೊರಗೆ ಒಂದು ಪದರ ಕಟ್ಟುತ್ತದೆ ಎನ್ನುವುದನ್ನು ಯಾರೂ ಹೇಳಿಕೊಟ್ಟದ್ದಲ್ಲ, ನಾನೇ ಕಂಡುಕೊಂಡೆ. ಈಗ ನಾನಿರುವ ರಾಬರ್ಟ್‌ಸನ್‌ಪೇಟೆಯ ರೂಮಿನಲ್ಲಿ ಮಾಡುವಾಗಲೂ ಹಾಗೆಯೇ ಮಾಡುತ್ತೇನೆ. ಕ್ಯಾರೆಟ್ಟು, ನವಿಲುಕೋಸು, ಹೂಕೋಸು ಎಲ್ಲಕ್ಕೂ ಅದೇ ದಾರಿ. ಆದರೆ ಆಗ ಇಷ್ಟೆಲ್ಲ ಮಾಡಿದರೂ ಗರಿಗರಿ ಬರಲಿಲ್ಲ. ಅಪ್ಪ ಒಂದು ಹೋಳು ಬಾಯಿಗಿಟ್ಟು, "ಚೆನ್ನಾಗಯ್ತೆ. ಇದನ್ನೇ ಸಾರಿಗಾಕಿದ್ರೆ ಇನ್ನೂ ಚೆನ್ನಾಗಿರ್ತಿತ್ತು" ಎಂದು ಎದ್ದುಹೋದರು.

ನಮ್ಮ ಬಾವಿ ಮನೆಯ ಹಿಂದೆಯೇ. ಬೆಳಿಗ್ಗೆ ಕೆಲವು ಗಂಟೆ ಪಂಪ್‌ಸೆಟ್ಟುಗಳಿಗೆ ಜೋರು ಕರೆಂಟು ಬರುತ್ತಿತ್ತು. ಆ ಹೊತ್ತಿಗೆ ಮೋಟರು ಮನೆಯ ಬಲ್ಬು ಬೆಳ್ಳಗೆ ಉರಿಯುವುದನ್ನು ಒಂದು ದಿನ ಗಮನಿಸಿದೆ. ಅಲ್ಲಿಂದ ಹಿಂದಿನ ಜಗುಲಿಗೆ ತಂತಿ ಎಳೆದರೆ ಆಯಿತು ಎಂದು ತೋಚಿದ್ದು ನನ್ನ ಜೀವನದ ದೊಡ್ಡ ಬುದ್ಧಿವಂತಿಕೆ ಎನಿಸಿತ್ತು. ಮೂರು ತುಂಡು ಹಳೆಯ ವೈರು ಹೊಂದಿಸಿದೆ. ತುದಿಗಳನ್ನು ಹೊಸೆದು, ಕತ್ತರಿಸಿದ ಸೈಕಲ್ ಟ್ಯೂಬಿನಿಂದ ಬಿಗಿದು ಕಟ್ಟಿದೆ. ದಾರಿಯಲ್ಲಿ ನೀರಿನ ಕಾಲುವೆ ಇತ್ತು. ಅದರ ಮೇಲೆ ಎರಡು ಕೋಲು ನೆಟ್ಟು ತಂತಿ ದಾಟಿಸಿದೆ.

ಇಲ್ಲಿ ಒಂದು ವಿಷಯ ಹೇಳಬೇಕು. ಮೋಟರು ಮನೆಯ ಫ್ಯೂಸು ಆಗಾಗ ಹೋಗುತ್ತದೆ ಎಂದು ನಮ್ಮ ಕಡೆ ಎಲ್ಲರೂ ಅದರಲ್ಲಿ ಫ್ಯೂಸ್ ತಂತಿಯ ಬದಲು ಕಟ್ಟಡಕ್ಕೆ ಬಳಸುವ ಕಬ್ಬಿಣದ ತಂತಿ ಸುತ್ತುತ್ತಿದ್ದರು. ಅಪ್ಪನೂ ಸುತ್ತಿದ್ದರು. ಹಾಗೆ ಸುತ್ತಿದ ಮೇಲೆ ನಮ್ಮ ಮನೆಯಲ್ಲಿ ಏನೇ ತಪ್ಪಾದರೂ ಫ್ಯೂಸು ಹೋಗುವುದು ನಮ್ಮ ಮನೆಯಲ್ಲಲ್ಲ, ಊರಂಚಿನ ಟ್ರಾನ್ಸ್‌ಫಾರ್ಮರಿನಲ್ಲಿ; ಒಮ್ಮೊಮ್ಮೆ ಟ್ರಾನ್ಸ್‌ಫಾರ್ಮರೇ ಸುಡುತ್ತಿತ್ತು. ಇದು ನನಗೆ ಗೊತ್ತಿತ್ತು.

ಅವತ್ತು ನಾನು ಹಾಲು ಹಾಕಿ ಬರುವಷ್ಟರಲ್ಲಿ ಅಪ್ಪ ಬಂಗಾರಪೇಟೆಗೆ ಟೊಮೆಟೊ ತೆಗೆದುಕೊಂಡು ಹೋಗಿದ್ದರು, ಅಮ್ಮ ಹಸು ಹೊಡೆದುಕೊಂಡು ಹೋಗಿದ್ದರು. ಕಾಯಿಲು ಎರಡೇ ನಿಮಿಷಕ್ಕೆ ಕೆಂಡದ ಬಣ್ಣಕ್ಕೆ ಬಂತು. ತಟ್ಟೆ ಒಳಗಿಟ್ಟ ಕೂಡಲೇ ಚುರ್ ಎಂದಿತು. ಗಾಜಿಗೆ ಮುಖ ಹತ್ತಿಸಿಕೊಂಡು ಕೂತೆ. ಅಂಚು ಹೊಂಬಣ್ಣವಾಯಿತು, ಆಮೇಲೆ ಕಂದಾಯಿತು. ತೆಗೆದು, ತಿರುಗಿಸಿ, ಮತ್ತೆ ಇಟ್ಟೆ. ಕೊನೆಗೆ ಖಾರದ ಪುಡಿ ಉಪ್ಪು ಉದುರಿಸಿ ತಟ್ಟೆ ಕುಲುಕಿದರೆ ಹೋಳುಗಳು ಒಂದಕ್ಕೊಂದು ತಾಗಿ ಒಣ ಸದ್ದು ಮಾಡಿದವು. ಆ ಸದ್ದಿಗಾಗಿ ಎರಡು ತಿಂಗಳು ಕಾದಿದ್ದೆ.

ಎರಡನೆಯ ತಟ್ಟೆ ಒಳಗಿಡುವಷ್ಟರಲ್ಲಿ ಕಾಲುವೆ ಕಡೆ ಚಟಾರನೆ ಕಿಡಿ ಹಾರಿತು. ಊರಂಚಿನಲ್ಲಿ ಪಟಾಕಿ ಹೊಡೆದ ಹಾಗೆ ಒಂದು ಸದ್ದಾಯಿತು. ಸುತ್ತಲಿನ ಮೋಟರುಗಳೆಲ್ಲ ಒಟ್ಟಿಗೇ ನಿಂತವು. ಗಂಟು ಕಾದು, ಟ್ಯೂಬು ಕರಗಿ, ಬಿಚ್ಚಿದ ತಂತಿ ನೀರಿಗೆ ಬಿದ್ದಿತ್ತು. ತಂತಿಯನ್ನು ಕಿತ್ತು ಸುತ್ತಿದೆ. ಓವನ್ನನ್ನು ಹುಲ್ಲಿನ ಮೆದೆಯ ಸಂದಿಗೆ ತಳ್ಳಿದೆ. ಮೊದಲ ತಟ್ಟೆಯ ಹೋಳುಗಳನ್ನು ಬಿಸಾಕಲು ಮನಸ್ಸು ಬರಲಿಲ್ಲ. ಶರ್ಟಿನ ಜೇಬಿಗೆ ತುಂಬಿಕೊಂಡು, ಏನೂ ಗೊತ್ತಿಲ್ಲದವನ ಹಾಗೆ ಜನರ ಹಿಂದೆ ಟ್ರಾನ್ಸ್‌ಫಾರ್ಮರ್ ಕಡೆ ನಡೆದೆ.

ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲೇ ಒಬ್ಬ ಹೆಂಗಸಿನ ಗುಡಿಸಲು. ಆಕೆ ಹಗಲು ನಮ್ಮಂಥವರ ಹೊಲದಲ್ಲಿ ಕೂಲಿ ಮಾಡುತ್ತಿದ್ದಳು. ಸಂಜೆ ಬಂಗಾರಪೇಟೆಯ ಮಂಡಿಯಿಂದ ಬಂದ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದಳು. ನಾನು ದೊಡ್ಡಮ್ಮ ಎಂದು ಕರೆಯುತ್ತಿದ್ದೆ. ಸಂಜೆಯ ಆ ಕೆಲಸಕ್ಕಾಗಿ ಕಂಬದ ತಂತಿಗೆ ಕೊಕ್ಕೆ ಹಾಕಿ ಒಂದು ಬಲ್ಬು ಉರಿಸಿಕೊಳ್ಳುತ್ತಿದ್ದಳು. ಊರಿಗೆಲ್ಲ ಗೊತ್ತಿದ್ದ ಸಂಗತಿ, ಯಾರೂ ಮಾತಾಡುತ್ತಿರಲಿಲ್ಲ.

ಲೈನ್‌ಮನ್ ಪಕ್ಕದ ಊರಿನಲ್ಲೇ ಇದ್ದವನು ಮೊಪೆಡ್ಡಿನಲ್ಲಿ ಬಂದ. ಕಂಬ ನೋಡಿದ, ಕೊಕ್ಕೆ ನೋಡಿದ.

"ಯಾರ್ದಮ್ಮಾ ಇದು?"

"ನಂದೇ ಸ್ವಾಮಿ. ಒಂದ್ ಬಲ್ಬು."

"ಒಂದ್ ಬಲ್ಬು, ಒಂದ್ ಬಲ್ಬು ಅಂತಾನೇ ಎಲ್ರೂ ಯೋಳೋದು. ಮತ್ತೆ ಟ್ರಾನ್ಸ್‌ಫಾರ್ಮರ್ ಯಾಕ್ ಸುಡ್ತು ಅಂತೀಯ?"

"ಬೆಳಕರ್ದು ಇಷ್ಟೊತ್ತಾಗೈತೆ. ಈಗ ಬಲ್ಬ್ ಆಕ್ಕೊಂಡು ಯಾರ್ ಮುಖ ನೋಡಾನ ಸ್ವಾಮಿ?"

ಇಬ್ಬರು ಮೂವರು ನಕ್ಕರು. ಬೀನ್ಸ್ ಬೆಳೆದಿದ್ದ ಒಬ್ಬ ರೈತ ಮಾತ್ರ ನಗಲಿಲ್ಲ. "ನಗಾಡ್ಕೊಂಡು ನಿಂತ್ಕಳ್ರಪ್ಪ. ಇವಳ ಉಣಸೇಹಣ್ಣಿಗೆ ನನ್ ಬೀನ್ಸು ಒಣಗ್ಲಿ" ಎಂದ. ಅಲ್ಲಿಗೆ ನಗು ನಿಂತಿತು.

ದಾರಿಯಲ್ಲಿ ಒಂದು ಹೋಳನ್ನು ಬಾಯಿಗೆ ಹಾಕಿಕೊಂಡಿದ್ದೆ. ಅದು ಆಗ ನನ್ನ ಬಾಯಲ್ಲಿತ್ತು. ಎಲ್ಲರೂ ಸುಮ್ಮನಾದಾಗ ನನ್ನ ಹಲ್ಲಿನ ಕರಕರ ಸದ್ದು ನನಗೇ ಕೇಳಿಸಿತು. ಅಗಿಯುವುದನ್ನು ನಿಲ್ಲಿಸಿದೆ. ಲೈನ್‌ಮನ್ ಕೊಕ್ಕೆ ಕಿತ್ತ, ಕಟ್ಟರ್ ತೆಗೆದ, ಗುಡಿಸಲಿನ ಸೂರಿನವರೆಗೆ ಹೋದ ವೈರನ್ನೆಲ್ಲ ಕತ್ತರಿಸಿ ಸುತ್ತಿ ಮೊಪೆಡ್ಡಿನ ಹ್ಯಾಂಡಲಿಗೆ ತಗಲಿಸಿದ. ಇನ್ನೊಂದು ಸಲ ಹಾಕಿದರೆ ಸ್ಟೇಷನ್ನಿಗೆ ಬರಬೇಕಾಗುತ್ತದೆ ಎಂದ. ಅಷ್ಟು ಹೊತ್ತೂ ನಾನು ಆ ಹೋಳನ್ನು ಅಗಿಯದೆ, ಉಗುಳದೆ ನಾಲಿಗೆಯ ಮೇಲೆ ಇಟ್ಟುಕೊಂಡು ನಿಂತಿದ್ದೆ. ಅದು ನೆನೆದು ಮೆತ್ತಗಾದ ಮೇಲೆ ನುಂಗಿದೆ. ಮಾತಾಡಲು ಬಾಯಿ ಖಾಲಿಯಾದಾಗಲೂ ಮಾತಾಡಲಿಲ್ಲ.

ಆಕೆ ಒಂದು ಸಲ ನನ್ನ ಕಡೆ ನೋಡಿದಳು. ನನ್ನ ಮುಖವನ್ನಲ್ಲ, ಜೇಬನ್ನು. ತಲೆ ಬಗ್ಗಿಸಿ ನೋಡಿದರೆ ಜೇಬಿನ ತುಂಬ ಎಣ್ಣೆ ಹರಡಿ ಕಲೆಯಾಗಿತ್ತು. ಅದರ ಮೇಲೆ ಕೈ ಇಟ್ಟುಕೊಂಡೆ.

ಮಧ್ಯಾಹ್ನ ಬಂದ ಅಪ್ಪ ಮೋಟರು ಮನೆಯೊಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದ ಮೇಲೆ ಕಾಲುವೆಯವರೆಗೆ ಹೋಗಿ, ಅಲ್ಲಿ ಬಿದ್ದಿದ್ದ ಸುಟ್ಟ ಟ್ಯೂಬಿನ ಚೂರೊಂದನ್ನು ತಂದು ನನ್ನ ಮುಂದೆ ಹಾಕಿದರು.

"ಯಾರ್ಲಾ ಇದನ್ನ ಕಟ್ಟಿದ್ದು?"

ಆ ಚೂರನ್ನು ಕೈಗೆ ತೆಗೆದುಕೊಂಡೆ.

"ಓಗಿ ಯೋಳ್ಬುಡ್ತೀನಿ ಅಪ್ಪಾ" ಎಂದೆ. ಹೇಳುವ ಧೈರ್ಯ ಇತ್ತೋ ಇಲ್ಲವೋ, ಹಾಗೆ ಅಂದದ್ದು ಮಾತ್ರ ನಿಜ.

"ಬಾಯ್ ಮುಚ್ಕೊಂಡಿರು. ಕಬ್ಬಿಣದ ತಂತಿ ನೋಡಿದ್ರೆ ನಮ್ ಮೀಟ್ರೇ ಕಿತ್ಕೊಂಡೋಗ್ತಾರೆ. ಅವಳ್ದು ಎಂಗಿದ್ರೂ ಕದ್ದಿದ್ದು ತಾನೆ."

ಅಪ್ಪ ಹಾಗೆ ಹೇಳಿದಾಗ ನನಗೆ ಸಮಾಧಾನವಾಯಿತು. ನೆನೆಸಿಕೊಂಡರೆ ಟ್ರಾನ್ಸ್‌ಫಾರ್ಮರ್ ಮುಂದೆ ನಿಂತದ್ದಕ್ಕಿಂತ ಈ ಸಮಾಧಾನಕ್ಕೇ ಹೆಚ್ಚು ನಾಚಿಕೆಯಾಗುತ್ತದೆ. ಅಲ್ಲಿ ಹೆದರಿದ್ದೆ ಎಂದಾದರೂ ಹೇಳಿಕೊಳ್ಳಬಹುದು.

ಮೂರು ದಿನಕ್ಕೆ ಟ್ರಾನ್ಸ್‌ಫಾರ್ಮರ್ ಸರಿಹೋಯಿತು, ಮೋಟರುಗಳು ಓಡಿದವು, ಬೀನ್ಸು ಒಣಗಲಿಲ್ಲ. ಊರು ಮರೆಯಿತು. ಆದರೆ ಗುಡಿಸಲಿನಲ್ಲಿ ಬೆಳಕಿರಲಿಲ್ಲ. ಸೀಮೆಎಣ್ಣೆ ಬುಡ್ಡಿಯ ಬೆಳಕಿಗೆ ಹುಣಸೆ ಕುಟ್ಟಲು ಹೋಗಿ ಆಕೆ ಬೆರಳು ಜಜ್ಜಿಕೊಂಡಳು ಎಂದು ಅಮ್ಮ ಹೇಳಿದರು. ಒಂದೆರಡು ದಿನದ ಮೇಲೆ, ಸೂರ್ಯ ಮುಳುಗುವ ಹೊತ್ತಿಗೆ ಆಕೆ ಕುಟ್ಟುವ ಕಲ್ಲು, ಬುಟ್ಟಿ, ಗೋಣಿಚೀಲ ಹೊತ್ತುಕೊಂಡು ಬಂದು ಬೀದಿ ದೀಪದ ಕೆಳಗೆ ಕೂತಳು. ನಮ್ಮ ಬೀದಿಯಲ್ಲಿ ಉರಿಯುತ್ತಿದ್ದದ್ದು ಒಂದೇ ದೀಪ. ಅದು ಇದ್ದದ್ದು ನಮ್ಮ ಮನೆಯ ಎದುರಿಗೆ.

ಅಲ್ಲಿಂದ ದಿನವೂ ಟಕ್ ಟಕ್ ಎಂದು ಕುಟ್ಟುವ ಸದ್ದು. ಅಪ್ಪ ಜಗುಲಿಯಲ್ಲಿ ಕೂರುವುದನ್ನು ಬಿಟ್ಟರು. ಆಕೆ ಕೇಳದಿದ್ದರೂ ಅಮ್ಮ ಮಜ್ಜಿಗೆ ತೆಗೆದುಕೊಂಡು ಹೋಗಿ ಕೊಟ್ಟು ಬರುತ್ತಿದ್ದರು. ಅಮ್ಮನಿಗೆ ಯಾರೂ ಏನೂ ಹೇಳಿರಲಿಲ್ಲ, ಆದರೂ ಮಜ್ಜಿಗೆಯ ಚೊಂಬನ್ನು ನನ್ನ ಕೈಗೆ ಒಂದು ದಿನವೂ ಕೊಡಲಿಲ್ಲ. ನಾನು ಓವನ್ನನ್ನು ಮೆದೆಯಿಂದ ಹೊರಗೆ ತೆಗೆಯಲಿಲ್ಲ. ಹಾಲು ಹಾಕಿ ಬಂದವನು ಸಂಜೆಯಾದರೆ ಹಿತ್ತಲ ಬಾಗಿಲಿನಿಂದ ಓಡಾಡುತ್ತಿದ್ದೆ.

ಇಪ್ಪತ್ತು ದಿನ ಕಳೆದಿರಬೇಕು. ಒಂದು ಸಂಜೆ ಮುಂಬಾಗಿಲಿನಿಂದ ಹೊರಟು ಆಕೆಯ ಎದುರಿಗೆ ಹೋಗಿ ನಿಂತೆ.

"ದೊಡ್ಡಮ್ಮ, ಅವತ್ತು ಕರೆಂಟು ಓಗಿದ್ದು ನನ್ನಿಂದ. ನಾನು ಮೋಟ್ರು ಮನೆಯಿಂದ ವೈರ್ ಎಳ್ದಿದ್ದೆ."

ಆಕೆ ಕುಟ್ಟುವುದನ್ನು ನಿಲ್ಲಿಸಲಿಲ್ಲ.

"ಗೊತ್ತು ಬಿಡು. ನಿನ್ ಕರೆಂಟ್ ಒಲೆ ಸುದ್ದಿ ಊರಿಗೇ ಗೊತ್ತು. ಜೇಬಲ್ಲಿ ಕರಿದಿದ್ದು ತುಂಬ್ಕೊಂಡು ಯಾರಾನಾ ಬೆಂಕಿ ನೋಡಾಕ್ ಬತ್ತಾರಾ?"

"ಲೈನ್‌ಮನ್ ಅತ್ರ ಓಗಿ ಯೋಳ್ತೀನಿ ನಾನು."

"ಏನಂತ ಯೋಳ್ತೀಯ? ನಮ್ಮಪ್ಪನ ಮೀಟ್ರು ಕಿತ್ಕೊಳ್ಳಿ, ದೊಡ್ಡಮ್ಮಂಗೆ ಕೊಕ್ಕೆ ಕೊಡಿ ಅಂತಾವಾ?" ಕೈಯಲ್ಲಿದ್ದ ಬೀಜಗಳನ್ನು ಪಕ್ಕಕ್ಕೆ ತಳ್ಳಿದಳು. "ಅವತ್ತೇ ಯೋಳಿದ್ರೆ ನನ್ ವೈರು ಉಳೀತಿತ್ತು ಕಣಪ್ಪ. ಇವತ್ತು ಯೋಳಿದ್ರೆ ನಿನ್ ಒಟ್ಟೆ ತಣ್ಣಗಾಯ್ತದೆ, ಅಷ್ಟೇಯ."

ನಮ್ಮ ಮನೆಯಿಂದಲೇ ಒಂದು ಬಲ್ಬು ಎಳೆದು ಕೊಡುತ್ತೇನೆ ಎಂದು ಹೇಳಲು ಬಾಯಿ ತೆರೆದೆ. ಅಪ್ಪನನ್ನು ಕೇಳದೆ ಹೇಗೆ ಹೇಳುವುದು ಎನಿಸಿ ಮುಚ್ಚಿದೆ. ಅಲ್ಲೇ ನಿಂತಿದ್ದೆ.

"ಆ ಕಡೆ ಸರ್ಕೋ" ಎಂದಳು. ಕೋಪದಿಂದಲ್ಲ, ಕೆಲಸದವರು ಹೇಳುವ ಹಾಗೆ. "ಬೆಳಕಿಗೆ ಅಡ್ಡ ನಿಂತಿದೀಯ."

ಸರಿದೆ. ಒಳಗಿನಿಂದ ಅಮ್ಮ ಊಟಕ್ಕೆ ಕರೆದರು. ಹೋದೆ.