ಎರಡೂ ಇರಲಿ ಎನ್ನುತ್ತಿದ್ದ ತಮ್ಮ

ಆಟದಲ್ಲಿ ತಮ್ಮನ ಮುಂದೆ ಗುರಾಣಿ ಹಿಡಿದು ನಿಲ್ಲುತ್ತೇನೆಂದು ಮಾತು ಕೊಟ್ಟಿದ್ದೆ. ನಿಲ್ಲಲಿಲ್ಲ. ಬರೀ ಆಟವಲ್ಲವೇ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ.

ಸುಧಾಕರನಿಗೆ ಒಂದನ್ನು ಆರಿಸಿ ಇನ್ನೊಂದನ್ನು ಬಿಡಲು ಬರುತ್ತಿರಲಿಲ್ಲ. ಕಾಪು ಪೇಟೆಯ ಹೋಟೆಲಿನಲ್ಲಿ ಬನ್ಸೋ ಗೋಳಿಬಜೆಯೋ ಎಂದು ಕೇಳಿದರೆ "ಎರಡೂ ಇರಲಿ" ಎನ್ನುವನು. ಹಗಲು ಮಣಿಪಾಲದಲ್ಲಿ ಲ್ಯಾಬಿನ ಕೆಲಸ, ಸಂಜೆ ಉಡುಪಿಯಲ್ಲಿ ಕಾಲೇಜು. ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಕಟ್ಟಲು ಕೂತವಳು. ಅವನ ಜೇಬಿನಲ್ಲಿ ಎರಡು ಪೆನ್ನು ಕಂಡರೂ ನನಗೆ ಹೊಟ್ಟೆ ಉರಿಯುತ್ತಿತ್ತು.

ಆ ಆಟವನ್ನು ಮಣಿಪಾಲದ ಹಾಸ್ಟೆಲಿನ ವಿದೇಶಿ ಹುಡುಗನೊಬ್ಬ ಬಿಟ್ಟುಹೋಗಿದ್ದ. ಒಂದು ಪುಸ್ತಕ, ಇಪ್ಪತ್ತು ಮುಖದ ಒಂದು ದಾಳ. ತಮ್ಮನ ಗೆಳೆಯ ಹಮೀದ್ ಪುಸ್ತಕ ನೋಡಿ ಕತೆ ಹೇಳುವನು. ನಾವು ಮಾಡುತ್ತೇವೆಂದದ್ದು ಕೈಗೂಡಿತೋ ಇಲ್ಲವೋ ದಾಳ ತೀರ್ಮಾನಿಸುವುದು. ಭಾನುವಾರ ಮಧ್ಯಾಹ್ನ ನಮ್ಮ ಜಗಲಿಯಲ್ಲಿ ಆಟ. ಬೀಡಿಯಿಂದ ನನ್ನ ಕೈಗೆ ಬಿಡುವಿಲ್ಲ. ನನ್ನ ಪಾಲಿನ ದಾಳವನ್ನೂ ತಮ್ಮನೇ ಬಿಸಿ ಗಂಜಿಗೆ ಊದುವ ಹಾಗೆ ಊದಿ ಉರುಳಿಸುತ್ತಿದ್ದ. ಆಟದಲ್ಲಿ ನಾವಿಬ್ಬರೂ ಕತ್ತಿ ಹಿಡಿದ ವೀರರು.

ಒಂದು ದಿನ ಸುಧಾಕರ ತನ್ನ ವೀರನಿಗೆ ಮಂತ್ರವನ್ನೂ ಕಲಿಸಬೇಕೆಂದ.

"ಕಲಿಸು," ಎಂದ ಹಮೀದ್. "ಆದ್ರೆ ಒಂದನೇ ಕ್ಲಾಸಿಂದ ಶುರು. ಮಂತ್ರದಲ್ಲೂ ಕತ್ತಿಯಷ್ಟೇ ಮೇಲಿನ ಕ್ಲಾಸಿಗೆ ಏರುವ ತನಕ ಕತ್ತಿ ಮುಟ್ಟಿದ್ರೆ ಆ ದಿನ ಕಲಿತದ್ದೆಲ್ಲ ಹೋಯ್ತು. ಕವಚವೂ ಇಲ್ಲ. ಸಾಯ್ತೀಯ ಮಾರಾಯ."

ವಾರವಿಡೀ ಅವನಿಗೆ ಅದೇ ಯೋಚನೆ. ಊಟಕ್ಕೆ ಕೂತು ಕೇಳಿದ: "ಅಕ್ಕ, ನೀನು ಗುರಾಣಿ ಹಿಡಿದು ಮುಂದೆ ನಿಲ್ಲುವುದಾದ್ರೆ ಮಾತ್ರ ಕಲಿಸುವುದು. ಇಲ್ಲದಿದ್ರೆ ಬೇಡ."

"ನಿಲ್ತೇನೆ. ನೀನು ಉಣ್ಣು."

ಆಟದಲ್ಲಿಯೂ ಅವನಿಗೆ ಎರಡೂ ಬೇಕೇ ಎಂದು ಒಳಗೆ ಕುದಿಯಿತು.

ಮುಂದಿನ ಭಾನುವಾರ ಆಟದ ಗುಹೆಯಲ್ಲಿ ರಾಕ್ಷಸ ತಮ್ಮನ ವೀರನ ಮೇಲೆ ಗದೆ ಎತ್ತಿದ. "ವಾಸಂತಿಯಕ್ಕ, ನೀವೆಂತ ಮಾಡ್ತೀರಿ?" ಎಂದ ಹಮೀದ್.

ನಮ್ಮ ಮನೆಯಲ್ಲಿ ಬೀಡಿ ಎಣಿಸುವವರನ್ನು ಯಾರೂ ಮಾತಾಡಿಸುವ ಹಾಗಿಲ್ಲ. ಇಪ್ಪತ್ತೈದರ ಕಟ್ಟಿನಲ್ಲಿ ಒಂದು ಕಡಿಮೆಯಾದರೂ ಬೀಡಿ ತೆಗೆದುಕೊಳ್ಳುವ ಬ್ರಾಂಚಿನವರು ಹಿಂದೆ ಕೊಡುತ್ತಾರೆ. ನಾನು ಒಂದು ಕಟ್ಟು ಕೈಗೆತ್ತಿಕೊಂಡು, ತಡೆಯಿರಿ ಎಂದು ಬೆರಳೆತ್ತಿದೆ. ಅದು ಬೆಳಿಗ್ಗೆಯೇ ಎಣಿಸಿ ಕಟ್ಟಿಟ್ಟ ಕಟ್ಟು.

"ಅಕ್ಕ ಎಣಿಸಿ ಮುಗಿಸಲಿ," ಎಂದ ತಮ್ಮ.

"ರಾಕ್ಷಸನಿಗೆ ಬೀಡಿ ಲೆಕ್ಕ ಗೊತ್ತುಂಟಾ? ಕತ್ತಿಯಾದ್ರೂ ತೆಗಿ!" ಎಂದ ಹಮೀದ್ ಅವನಿಗೆ.

"ಬೇಡ. ಅಕ್ಕ ಇದ್ದಾಳೆ."

ಹಮೀದ್ ದಾಳ ಕೈಗೆತ್ತಿಕೊಂಡ. ನಾನು ತಲೆಯೆತ್ತಲಿಲ್ಲ. ದಾಳ ಉರುಳಿತು, ಗದೆ ತಮ್ಮನ ವೀರನ ತಲೆಗೇ ಬಿತ್ತು. ಸುಧಾಕರ ರಬ್ಬರು ತೆಗೆದು ತನ್ನ ವೀರನ ಹೆಸರನ್ನು ಹಾಳೆಯಿಂದ ಉಜ್ಜಿದ. "ಎರಡೂ ಹೋಯ್ತು," ಎಂದು ನಕ್ಕ. ಆ ಗಳಿಗೆಯಲ್ಲಿ ನನಗೆ ಹಿತವಾಯಿತು, ಅದನ್ನೂ ಬರೆಯಬೇಕು. ಅವನು ಮತ್ತೆ ಹೊಸ ವೀರನನ್ನು ಮಾಡಲಿಲ್ಲ.

ಕೆಲವು ವರ್ಷಗಳ ನಂತರ ಗಲ್ಫಿಗೆ ಹೊರಟ. ಕಾಪುವಿನಲ್ಲಿ ಬೊಂಬಾಯಿ ಬಸ್ಸು ಹತ್ತಿಸಲು ನಾನೇ ಹೋದೆ. ಗಲ್ಫಿನಿಂದ ಅವನು ಮರಳಲಿಲ್ಲ, ಜ್ವರದಲ್ಲಿ ಅಲ್ಲೇ ತೀರಿಕೊಂಡ. ಹಾಗಾಗಿ ನಾನು ಅವನನ್ನು ಕಡೆಯ ಬಾರಿ ಕಂಡದ್ದು ಆ ಬಸ್ಸಿನ ಕಿಟಕಿಯಲ್ಲಿ. ಕೈ ಹೊರಚಾಚಿ ಆ ದಾಳವನ್ನು ನನ್ನ ಅಂಗೈಯಲ್ಲಿಟ್ಟ.

"ಏನಾದ್ರೂ ಹೇಳು ಅಕ್ಕ. ಎಣಿಸ್ತಾ ಇದ್ದೀಯಾ?"

ಬಸ್ಸು ಹೊರಡಲು ಗುರುಗುಟ್ಟುತ್ತಿತ್ತು. ಅದಕ್ಕಿಂತ ಗಟ್ಟಿಯಾಗಿ ಹೇಳಬೇಕಾಯಿತು.

"ಆ ದಿನವೂ ಎಣಿಸ್ತಾ ಇರಲಿಲ್ಲ ಸುಧಾ. ಹೊಟ್ಟೆಕಿಚ್ಚಿಗೆ ಸುಮ್ಮನೆ ಕೂತಿದ್ದೆ. ನನ್ನದು ತಪ್ಪಾಯ್ತು ಮಾರಾಯ."